ಇಂಟೀರಿಯರ್ ಕೆಲಸ ಕೊಡುವ ಮುಂಚೆ ಇದನ್ನೊಮ್ಮೆ ಓದಿ: ಮನೆಯವರು, ಅಂಗಡಿಕಾರರು ಗಮನಿಸಬೇಕಾದ ಎಚ್ಚರಿಕೆಯ ಲಕ್ಷಣಗಳು

ಮೋಟೆಬೆನ್ನೂರು: ಮನೆ ಕಟ್ಟಿ, ಗಿಲಾವು ಮಾಡಿ, ನೆಲಕ್ಕೆ ಟೈಲ್ಸ್ ಹಾಕಿದ ಮೇಲೂ ದೊಡ್ಡದೊಂದು ಖರ್ಚು ಉಳಿದಿರುತ್ತದೆ. ಅಡುಗೆ ಮನೆ ಕಪಾಟು, ವಾರ್ಡ್‌ರೋಬ್, ಟಿವಿ ಯುನಿಟ್, ದೇವರ ಮನೆ ಬಾಗಿಲು, ಫಾಲ್ಸ್ ಸೀಲಿಂಗ್. ಅಂಗಡಿಯಾದರೆ ರ‍್ಯಾಕು, ಕೌಂಟರ್, ಗಾಜಿನ ಮುಂಭಾಗ, ಲೈಟು, ಬೋರ್ಡು. ಮೊದಲೆಲ್ಲ ಕಟ್ಟಿಗೆ ತಂದುಕೊಟ್ಟರೆ ಊರಿನ ಬಡಿಗೇರರು ಮನೆ ಪಡಸಾಲೆಯಲ್ಲೇ ಕೂತು ಮಾಡಿಕೊಡುತ್ತಿದ್ದರು. ಕೆಲಸ ಕಣ್ಣೆದುರಿಗೇ ಇರುತ್ತಿತ್ತು, ದಿನಗೂಲಿ ಲೆಕ್ಕ ಎಲ್ಲರಿಗೂ ತಿಳಿಯುತ್ತಿತ್ತು. ಈಗ ಇದೇ ಕೆಲಸವನ್ನು ಹಾವೇರಿ, ರಾಣೇಬೆನ್ನೂರು, ದಾವಣಗೆರೆ, ಹುಬ್ಬಳ್ಳಿಯ ಇಂಟೀರಿಯರ್ ಡಿಸೈನರ್‌ಗಳು, ಗುತ್ತಿಗೆದಾರರು ಒಟ್ಟಿಗೆ ಹಿಡಿಯುತ್ತಾರೆ. ಬೆಂಗಳೂರಿನ ಕಂಪನಿಗಳು ಮೊಬೈಲ್‌ನಲ್ಲೇ ಆರ್ಡರ್ ತೆಗೆದುಕೊಳ್ಳುತ್ತವೆ.

ಒಳ್ಳೆಯ ಡಿಸೈನರ್ ಸಿಕ್ಕರೆ ಜಾಗ ಉಳಿಯುತ್ತದೆ, ಕೆಲಸ ಅಚ್ಚುಕಟ್ಟಾಗುತ್ತದೆ. ಆದರೆ ಈ ವ್ಯವಹಾರದಲ್ಲಿ ಒಂದು ತೊಡಕಿದೆ. ಬ್ಯಾಡಗಿ ಎಪಿಎಂಸಿಯಲ್ಲಿ ಸೋಮವಾರ, ಗುರುವಾರ ಮೆಣಸಿನಕಾಯಿ ಲಾಟಿಗೆ ದರ ಬರೆಯುವ ವ್ಯಾಪಾರಿ ಚೀಲದಲ್ಲಿ ಕೈ ಹಾಕಿ, ಬಣ್ಣ ನೋಡಿ, ತೇವ ನೋಡಿ ಆಮೇಲೆ ಬರೆಯುತ್ತಾನೆ. ಇಂಟೀರಿಯರ್‌ನಲ್ಲಿ ಮಾಲು ಇನ್ನೂ ಹುಟ್ಟೇ ಇರುವುದಿಲ್ಲ. ಒಂದು ಚಿತ್ರ ನೋಡಿ ಲಕ್ಷಗಟ್ಟಲೆ ರೊಕ್ಕ ಕೊಡಬೇಕು. ಕೊಟ್ಟ ರೊಕ್ಕ ಆಗಿರುವ ಕೆಲಸಕ್ಕಿಂತ ಬಹಳ ಮುಂದೆ ಓಡಿದಾಗಲೇ ಹೆಚ್ಚಿನ ಜಗಳ ಹುಟ್ಟುವುದು. ಕೆಳಗಿನ ಲಕ್ಷಣಗಳನ್ನು ಗುರುತಿಸಿದರೆ ಅದನ್ನು ಮೊದಲೇ ತಡೆಯಬಹುದು.

ಡಿಸೈನರ್ ಅನ್ನೋಕೆ ಲೈಸೆನ್ಸ್ ಬೇಕಾ?

ಬೇಡ. ನಮ್ಮ ದೇಶದಲ್ಲಿ 'ಆರ್ಕಿಟೆಕ್ಟ್' ಅನ್ನುವ ಹೆಸರಿಗೆ ಕಾನೂನಿನ ರಕ್ಷಣೆ ಇದೆ. 1972ರ ವಾಸ್ತುಶಿಲ್ಪಿಗಳ ಕಾಯ್ದೆ ಪ್ರಕಾರ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಣಿ ಆದವರು ಮಾತ್ರ ಆ ಹೆಸರು ಹಾಕಿಕೊಳ್ಳಬಹುದು. ನೋಂದಣಿ ಸಂಖ್ಯೆಯನ್ನು ಕೌನ್ಸಿಲ್‌ನ ವೆಬ್‌ಸೈಟ್‌ನಲ್ಲಿ ಹುಡುಕಬಹುದು. 'ಇಂಟೀರಿಯರ್ ಡಿಸೈನರ್' ಹೆಸರಿಗೆ ಅಂಥ ಕಾನೂನು ಇಲ್ಲ. ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಇಂಟೀರಿಯರ್ ಡಿಸೈನರ್ಸ್ ಎಂಬ ಸಂಸ್ಥೆ 1972ರಿಂದ ಇದೆ, ಆದರೆ ಅದರ ಸದಸ್ಯತ್ವ ಕಡ್ಡಾಯ ಅಲ್ಲ. ನಿನ್ನೆ ತನಕ ಪ್ಲೈವುಡ್ ಅಂಗಡಿಯಲ್ಲಿ ಕೆಲಸ ಮಾಡಿದವರು ಇವತ್ತು ವಿಸಿಟಿಂಗ್ ಕಾರ್ಡ್ ಮಾಡಿಸಿಕೊಂಡರೂ ತಪ್ಪಿಲ್ಲ.

ಹಾಗಾಗಿ ಕಾರ್ಡ್ ಮೇಲಿನ ಹೆಸರಿಗಿಂತ ಮಾಡಿದ ಕೆಲಸ ನೋಡಬೇಕು. ಆರ್ಕಿಟೆಕ್ಟ್ ಅಂತ ಹೇಳಿಕೊಂಡು ನೋಂದಣಿ ಸಂಖ್ಯೆ ಕೇಳಿದಾಗ ಮಾತು ಬದಲಿಸಿದರೆ ಅದೇ ಮೊದಲ ಲಕ್ಷಣ.

ಮೊದಲ ಭೇಟಿಯಲ್ಲೇ ಕಾಣುವ ಲಕ್ಷಣಗಳು

ಟೇಪ್ ಹಿಡಿಯದೆ ದರ ಹೇಳುವವರು. "ಸಾವ್ಕಾರ್ರ, ನಿಮ್ಮ ಮನೀಗೆ ಆರು ಲಕ್ಷದಾಗ ಎಲ್ಲಾ ಮುಗಿಸಿ ಕೊಡ್ತೀನ್ರೀ" ಅಂತ ಹೊಸ್ತಿಲಲ್ಲೇ ಹೇಳಿದರೆ ಆ 'ಎಲ್ಲಾ'ದಲ್ಲಿ ಏನೇನಿದೆ ಅಂತ ಅವರಿಗೂ ಗೊತ್ತಿರುವುದಿಲ್ಲ. ಮುಂದೆ ಹ್ಯಾಂಡಲ್, ಕನ್ನಡಿ, ಲೈಟು, ಪೇಂಟು ಒಂದೊಂದೇ 'ಎಕ್ಸ್ಟ್ರಾ' ಆಗಿ ಬರುತ್ತವೆ.

ಮೊಬೈಲ್‌ನಲ್ಲಿ ಮಾತ್ರ ಕೆಲಸ ತೋರಿಸುವವರು. ಇಂಟರ್ನೆಟ್‌ನಲ್ಲಿ ಚೆಂದದ ಅಡುಗೆ ಮನೆಯ ಚಿತ್ರಗಳಿಗೆ ಬರವಿಲ್ಲ. ಕಂಪ್ಯೂಟರ್‌ನಲ್ಲಿ ಮಾಡಿದ ತ್ರೀಡಿ ಚಿತ್ರವೂ ಮುಗಿದ ಕೆಲಸಕ್ಕೆ ಸಾಕ್ಷಿ ಅಲ್ಲ. ಹತ್ತಿರದ ಊರಲ್ಲಿ ಮಾಡಿದ ಎರಡು ಮನೆ ಅಥವಾ ಅಂಗಡಿ ತೋರಿಸಲು ಕೇಳಿ. ಒಂದು ಈಗ ಮುಗಿದದ್ದು, ಇನ್ನೊಂದು ಎರಡು ಮಳೆಗಾಲ ಕಂಡದ್ದು ಇರಲಿ. ಹಳೆಯ ಕೆಲಸದಲ್ಲಿ ಸಿಂಕ್ ಕೆಳಗಿನ ಕಪಾಟು ತೆಗೆದು ನೋಡಿದರೆ ಅರ್ಧ ಉತ್ತರ ಸಿಗುತ್ತದೆ: ಹಲಗೆ ಉಬ್ಬಿದೆಯಾ, ಅಂಚು ಬಿಟ್ಟಿದೆಯಾ, ಬಾಗಿಲು ಜೋತಿದೆಯಾ. ಆ ಮನೆಯವರನ್ನು ಎರಡು ಮಾತು ಕೇಳಬೇಕು: ಹೇಳಿದ ದಿನಕ್ಕೆ ಮುಗಿಸಿದರಾ? ಮುಗಿದ ಮೇಲೆ ಫೋನ್ ಎತ್ತಿದರಾ?

ಅವಸರ ಮಾಡುವವರು. "ಇವತ್ತ ಇಸಾರ ಕೊಟ್ರ ಈ ರೇಟು, ನಾಳೆ ಪ್ಲೈವುಡ್ ರೇಟ್ ಏರತೈತಿ" ಅನ್ನುವ ಮಾತು. ಮೆಣಸಿನಕಾಯಿ ಮಾರಿದ ರೊಕ್ಕ ಕೈಗೆ ಬಂದ ಹೊತ್ತು, ಮನೆಯಲ್ಲಿ ಮದುವೆ ನಿಶ್ಚಯವಾದ ಹೊತ್ತು ಈ ಮಾತು ಬೇಗ ನಾಟುತ್ತದೆ. ಒಂದು ವಾರ ಯೋಚನೆಗೆ ಸಮಯ ಕೊಡದವರು ಮುಂದೆ ಮೂರು ತಿಂಗಳು ಕಾಯಿಸಬಹುದು.

ಆಫೀಸ್, ವರ್ಕ್‌ಶಾಪ್ ಎಲ್ಲಿದೆ ಅಂತ ಹೇಳದವರು. ಎಲ್ಲ ಭೇಟಿಯೂ ಗಿರಾಕಿ ಮನೆಯಲ್ಲಿ ಅಥವಾ ಚಹಾದಂಗಡಿಯಲ್ಲಿ ಆದರೆ, ಮುಂದೆ ಹುಡುಕಿಕೊಂಡು ಹೋಗಲು ವಿಳಾಸ ಇರುವುದಿಲ್ಲ. ಒಮ್ಮೆ ಅವರ ವರ್ಕ್‌ಶಾಪಿಗೆ ಹೋಗಿ ಬರುವುದು ಒಳ್ಳೆಯದು. ಆಧಾರ್ ವಿಳಾಸ, ಬ್ಯಾಂಕ್ ಖಾತೆ, ಕರಾರಿನ ಹೆಸರು ಈ ಮೂರೂ ಒಂದೇ ಆಗಿರಬೇಕು.

ಚದರ ಅಡಿ ಲೆಕ್ಕ: ಕಡಿಮೆ ದರ ದುಬಾರಿ ಆಗುವುದು ಹೀಗೆ

ಹೆಚ್ಚಿನವರು ಎಡವುವ ಜಾಗ ಇದು. ಒಬ್ಬರು ಚದರ ಅಡಿಗೆ 1,200 ರೂಪಾಯಿ ಅಂತಾರೆ, ಇನ್ನೊಬ್ಬರು 350 ರೂಪಾಯಿ ಅಂತಾರೆ. ಎರಡನೆಯದು ಅಗ್ಗ ಅಂತ ಕಾಣುತ್ತದೆ. ಆದರೆ ಯಾವ ಚದರ ಅಡಿ ಅಂತ ಕೇಳಬೇಕು.

7 ಅಡಿ ಎತ್ತರ, 6 ಅಡಿ ಅಗಲ, 2 ಅಡಿ ಆಳದ ಒಂದು ವಾರ್ಡ್‌ರೋಬ್ ತೆಗೆದುಕೊಳ್ಳೋಣ. (ಇಲ್ಲಿ ಹಾಕಿದ ದರ ಲೆಕ್ಕ ತಿಳಿಯಲು ಮಾತ್ರ, ಮಾರುಕಟ್ಟೆ ದರ ಅಲ್ಲ.)

ಮೊದಲ ಪದ್ಧತಿ: ಮುಂಭಾಗದ ಅಳತೆ. 7 × 6 = 42 ಚದರ ಅಡಿ. 1,200 ರೂಪಾಯಿಯಂತೆ 50,400 ರೂಪಾಯಿ.

ಎರಡನೇ ಪದ್ಧತಿ: ಬಳಸಿದ ಪ್ರತಿ ಹಲಗೆಯ ಅಳತೆ.
- ಬಾಗಿಲು: 42 ಚದರ ಅಡಿ
- ಹಿಂಭಾಗ: 42 ಚದರ ಅಡಿ
- ಎರಡು ಬದಿ: 28 ಚದರ ಅಡಿ
- ಮೇಲೆ, ಕೆಳಗೆ: 24 ಚದರ ಅಡಿ
- ನಾಲ್ಕು ಅಡ್ಡ ಹಲಗೆ: 48 ಚದರ ಅಡಿ
- ನಡುವಿನ ಒಂದು ಉದ್ದ ಹಲಗೆ: 14 ಚದರ ಅಡಿ

ಒಟ್ಟು 198 ಚದರ ಅಡಿ. 350 ರೂಪಾಯಿಯಂತೆ 69,300 ರೂಪಾಯಿ. ಕಪಾಟು ಅದೇ, 'ಕಡಿಮೆ ದರ' ಹೇಳಿದವರ ಬಿಲ್ 18,900 ರೂಪಾಯಿ ಜಾಸ್ತಿ.

ಎರಡೂ ಪದ್ಧತಿ ಚಾಲ್ತಿಯಲ್ಲಿವೆ, ಎರಡೂ ಮೋಸವಲ್ಲ. ಯಾವ ಪದ್ಧತಿ ಅಂತ ಹೇಳದೆ ದರ ಮಾತ್ರ ಹೇಳುವುದೇ ಎಚ್ಚರಿಕೆಯ ಲಕ್ಷಣ. ಅಡುಗೆ ಮನೆಗೆ ಕೆಲವರು ರನ್ನಿಂಗ್ ಅಡಿ ಲೆಕ್ಕ ಹೇಳುತ್ತಾರೆ. ಆಗ ಕಟ್ಟೆ ಕೆಳಗಿನದಕ್ಕೆ ಒಂದು ದರವೋ, ಮೇಲಿನ ಕಪಾಟೂ ಸೇರಿಯೋ ಅಂತ ಕೇಳಬೇಕು. ಫಾಲ್ಸ್ ಸೀಲಿಂಗ್‌ನಲ್ಲಿ ಲೈಟ್ ಬಿಡುವ ಮೆಟ್ಟಿಲಿನ ಅಂಚನ್ನು ಬೇರೆ ಅಳೆಯುತ್ತಾರಾ ಅಂತ ಕೇಳಬೇಕು.

ಸುಲಭ ದಾರಿ ಒಂದಿದೆ: ದರದ ಜೊತೆಗೆ ಪ್ರತಿ ವಸ್ತುವಿಗೆ ಒಟ್ಟು ಮೊತ್ತ ಬರೆಸಿಕೊಳ್ಳುವುದು. ಮೂವರ ಕೊಟೇಶನ್ ತೆಗೆದುಕೊಂಡರೆ ಮೂವರಿಗೂ ಅದೇ ಅಳತೆ, ಅದೇ ಮಾಲು ಕೊಟ್ಟಿರಬೇಕು. ಇಲ್ಲಾಂದ್ರೆ ಹೋಲಿಕೆ ಆಗುವುದಿಲ್ಲ.

ಪ್ಲೈವುಡ್: 'ಒಳ್ಳೇ ಕಂಪನಿದು' ಅಂದರೆ ಸಾಲದು

ಲ್ಯಾಮಿನೇಟ್ ಅಂಟಿಸಿದ ಮೇಲೆ ಒಳಗಿನ ಹಲಗೆ ಯಾವುದು ಅಂತ ಕಣ್ಣಿಗೆ ಕಾಣುವುದಿಲ್ಲ. ಅದಲುಬದಲು ನಡೆಯುವುದು ಇಲ್ಲೇ.

ಪ್ಲೈವುಡ್‌ಗೆ ಭಾರತೀಯ ಮಾನಕ ಬ್ಯೂರೋ ಅಂದರೆ ಬಿಐಎಸ್‌ನ ಮಾನಕಗಳಿವೆ. ಸಾಮಾನ್ಯ ಬಳಕೆಯ ಪ್ಲೈವುಡ್‌ಗೆ ಐಎಸ್ 303. ಇದರಲ್ಲಿ ಎಂಆರ್ ದರ್ಜೆ ಗಾಳಿಯ ತೇವ ತಡೆಯುತ್ತದೆ, ನಿಂತ ನೀರು ತಡೆಯುವುದಿಲ್ಲ. ಅಂಗಡಿಯಲ್ಲಿ 'ಕಮರ್ಷಿಯಲ್' ಅಂತ ಕರೆಯುವುದು ಇದನ್ನೇ. ಬಿಡಬ್ಲ್ಯುಆರ್ ದರ್ಜೆ ನೀರಿಗೆ ಹೆಚ್ಚು ಬಾಳುತ್ತದೆ. 'ಮರೀನ್' ಪ್ಲೈವುಡ್‌ಗೆ ಐಎಸ್ 710. ಇದರ ಪರೀಕ್ಷೆಯಲ್ಲಿ ಹಲಗೆ 72 ಗಂಟೆ ಕುದಿಯುವ ನೀರಲ್ಲಿ ಪದರ ಬಿಡದೆ ನಿಲ್ಲಬೇಕು. ಬೆಡ್‌ರೂಮಿನ ಕಪಾಟಿಗೆ ಎಂಆರ್ ನಡೆಯುತ್ತದೆ. ಸಿಂಕ್ ಕೆಳಗೆ, ಬಚ್ಚಲು ಗೋಡೆಗೆ ತಾಗಿದ ಕಡೆ ನಡೆಯುವುದಿಲ್ಲ. ಎಲ್ಲ ಕಡೆ ಮರೀನ್ ಹಾಕಿಸಿ ರೊಕ್ಕ ಸುರಿಯುವ ಅಗತ್ಯವೂ ಇಲ್ಲ.

ಪಾರ್ಟಿಕಲ್ ಬೋರ್ಡ್, ಎಂಡಿಎಫ್ ಅಗ್ಗ, ಮೇಲ್ಮೈ ನುಣುಪು. ಆದರೆ ನೀರು ಕುಡಿದರೆ ಉಬ್ಬುತ್ತವೆ, ಸ್ಕ್ರೂ ಒಮ್ಮೆ ಸಡಿಲಾದರೆ ಹಿಡಿಯುವುದು ಕಷ್ಟ. ಕೊಟೇಶನ್‌ನಲ್ಲಿ 'ಬೋರ್ಡ್' ಅಥವಾ 'ಎಂಜಿನಿಯರ್ಡ್ ವುಡ್' ಅಂತಷ್ಟೇ ಇದ್ದರೆ ಯಾವ ಬೋರ್ಡ್ ಅಂತ ಕೇಳಲೇಬೇಕು.

ಮಾಲು ಬಂದ ದಿನ ಮನೆಯವರೊಬ್ಬರು ನಿಂತು ನೋಡಬೇಕಾದದ್ದು ಇಷ್ಟು:

- ಹಲಗೆ ಮೇಲೆ ಐಎಸ್‌ಐ ಗುರುತು, ಐಎಸ್ ಸಂಖ್ಯೆ, ಸಿಎಂ/ಎಲ್ ಎಂದು ಶುರುವಾಗುವ ಲೈಸೆನ್ಸ್ ಸಂಖ್ಯೆ ಇದೆಯಾ. ಆ ಸಂಖ್ಯೆಯನ್ನು 'ಬಿಐಎಸ್ ಕೇರ್' ಆ್ಯಪ್‌ನಲ್ಲಿ ಹಾಕಿದರೆ ಯಾವ ಕಂಪನಿ, ಲೈಸೆನ್ಸ್ ಚಾಲ್ತಿ ಇದೆಯಾ ಅಂತ ತೋರಿಸುತ್ತದೆ.
- ದಪ್ಪ ಎಷ್ಟು. 18 ಮಿ.ಮೀ. ಬರೆದು 16 ಮಿ.ಮೀ. ತಂದರೆ ಬರಿಗಣ್ಣಿಗೆ ಗೊತ್ತಾಗುವುದಿಲ್ಲ, ಸ್ಕೇಲ್ ಇಟ್ಟರೆ ಗೊತ್ತಾಗುತ್ತದೆ. ಕೂದಲೆಳೆ ವ್ಯತ್ಯಾಸ ಸಹಜ, 2 ಮಿ.ಮೀ. ವ್ಯತ್ಯಾಸ ಸಹಜ ಅಲ್ಲ.
- ಎಷ್ಟು ಶೀಟ್ ಬಂತು. 8 × 4 ಅಡಿಯ ಒಂದು ಶೀಟ್ ಅಂದರೆ 32 ಚದರ ಅಡಿ. ಎಣಿಸಿ, ಗುರುತು ಕಾಣುವಂತೆ ಫೋಟೊ ತೆಗೆದಿಡಬೇಕು.
- ಕೊಯ್ದ ಮೇಲೆ ಉಳಿದ ತುಂಡಿನ ಅಂಚು ನೋಡಬೇಕು. ಪದರದ ನಡುವೆ ಖಾಲಿ ಜಾಗ ಇದ್ದರೆ ಅದು ಕಳಪೆ. ನೀರು ತಡೆಯುವ ಪ್ಲೈ ಅಂದಿದ್ದರೆ ಒಂದು ತುಂಡನ್ನು ಕೆಲವು ಗಂಟೆ ಕುದಿಸಿ ನೋಡಬಹುದು. ಇದು ಲ್ಯಾಬ್ ಪರೀಕ್ಷೆಗೆ ಸಮ ಅಲ್ಲ, ಆದರೂ ಪದರ ಬಿಚ್ಚಿಕೊಂಡರೆ ಕೇಳಲು ಕಾರಣ ಸಿಗುತ್ತದೆ.

ಹಿಂಜ್, ಡ್ರಾಯರ್ ಚಾನೆಲ್‌ಗಳೂ ಹೀಗೆಯೇ. 'ಬ್ರಾಂಡೆಡ್ ಫಿಟಿಂಗ್' ಅಂತ ಬರೆದರೆ ಅರ್ಥವಿಲ್ಲ. ಹೆಟ್ಟಿಕ್, ಹಫೆಲೆ, ಎಬ್ಕೋ ಹೀಗೆ ಯಾವುದೇ ಇರಲಿ, ಕಂಪನಿ ಹೆಸರು ಮತ್ತು ಮಾಡೆಲ್ ಬರೆಸಬೇಕು. 'ಅಥವಾ ಸಮಾನ ದರ್ಜೆಯದು' ಅನ್ನುವ ಸಾಲು ಕೊಟೇಶನ್ ತುದಿಯಲ್ಲಿ ಕಂಡರೆ 'ಮಾಲೀಕರು ಬರೆದು ಒಪ್ಪಿದರೆ ಮಾತ್ರ' ಅಂತ ಸೇರಿಸಬೇಕು.

ರೊಕ್ಕ ಕೊಡುವ ರೀತಿ

ಶುರುವಿಗೇ ಅರ್ಧಕ್ಕಿಂತ ಹೆಚ್ಚು ಕೇಳುವುದು ದೊಡ್ಡ ಎಚ್ಚರಿಕೆ. ಮಾಲು ತರಲು ಮುಂಗಡ ಬೇಕು ಅನ್ನುವುದು ನ್ಯಾಯವೇ. ಆದರೆ ಆ ಮುಂಗಡದಿಂದ ಹಿಂದಿನ ಗಿರಾಕಿಯ ಬಾಕಿ ಕೆಲಸ ಮುಗಿಸಿ, ಈ ಮನೆಯ ಕೆಲಸವನ್ನು ಮುಂದಿನ ಗಿರಾಕಿಯ ಮುಂಗಡದಿಂದ ಮಾಡುವವರೂ ಇರುತ್ತಾರೆ. ಆ ಸರಪಳಿ ಎಲ್ಲಿ ತುಂಡಾಗುತ್ತದೋ ಆ ಗಿರಾಕಿ ಮುಳುಗುತ್ತಾನೆ.

ಮನೆಯಲ್ಲೇ ಮಾಡುವ ಕೆಲಸಕ್ಕೆ ಕಂತನ್ನು ಹೀಗೆ ಹಂಚಬಹುದು: ಅಳತೆ, ಡ್ರಾಯಿಂಗ್, ಕರಾರು ಆದಾಗ ನೂರಕ್ಕೆ 10. ಪ್ಲೈವುಡ್ ಮನೆಗೆ ಬಂದು ಎಣಿಸಿದ ಮೇಲೆ 30. ಕಪಾಟುಗಳ ಪೆಟ್ಟಿಗೆ ನಿಂತ ಮೇಲೆ 30. ಲ್ಯಾಮಿನೇಟ್, ಬಾಗಿಲು, ಫಿಟಿಂಗ್ ಆದ ಮೇಲೆ 20. ಸಣ್ಣಪುಟ್ಟ ತಿದ್ದುಪಡಿ ಮುಗಿದ ಮೇಲೆ ಕೊನೆಯ 10. ಕಾರ್ಖಾನೆಯಲ್ಲಿ ತಯಾರಾಗುವ ಮಾಡ್ಯುಲರ್ ಕೆಲಸದಲ್ಲಿ ಮಾಲು ಕೊಯ್ಯುವ ಮುಂಚೆಯೇ ದೊಡ್ಡ ಕಂತು ಕೇಳುವುದು ರೂಢಿ. ಅಲ್ಲಿ ಡ್ರಾಯಿಂಗ್‌ಗೆ ಸಹಿ, ತಲುಪಿಸುವ ದಿನಾಂಕ, ರದ್ದಾದರೆ ಎಷ್ಟು ವಾಪಸ್ ಅನ್ನುವುದು ಕಂತು ಕೊಡುವ ಮೊದಲೇ ಬರಹದಲ್ಲಿ ಇರಬೇಕು.

ಕೊನೆಯ ನೂರಕ್ಕೆ 10 ಉಳಿಸಿಕೊಳ್ಳುವುದು ಬಹಳ ಮುಖ್ಯ. ಬಾಗಿಲು ಸರಿ ಕೂರದಿದ್ದರೆ, ಚಾನೆಲ್ ಸಿಕ್ಕಿಕೊಂಡರೆ, ಕೆಲಸಗಾರರನ್ನು ವಾಪಸ್ ಕರೆತರುವುದು ಆ ಬಾಕಿ ರೊಕ್ಕವೇ.

ಚೆಕ್, ಬ್ಯಾಂಕ್ ವರ್ಗಾವಣೆ ಅಥವಾ ಯುಪಿಐ ಮೂಲಕ ಕರಾರಿನಲ್ಲಿರುವ ಹೆಸರಿನ ಖಾತೆಗೇ ಹಾಕಬೇಕು. "ತಮ್ಮನ ನಂಬರಿಗೆ ಹಾಕ್ರಿ", "ನಗದಾಗ ಕೊಟ್ರ ಚಲೋ ಆಗ್ತಿತ್ರಿ" ಅಂದಾಗ ನಿಲ್ಲಬೇಕು. ಒಂದು ವ್ಯವಹಾರಕ್ಕೆ 2 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದಕ್ಕೆ ಆದಾಯ ತೆರಿಗೆ ಕಾನೂನಿನಲ್ಲೇ ನಿರ್ಬಂಧ ಇದೆ.

'ಬಿಲ್ ಬ್ಯಾಡ ಅಂದ್ರ 18 ಪರ್ಸೆಂಟ್ ಉಳೀತೈತ್ರಿ'

ಇಂಟೀರಿಯರ್ ಕೆಲಸಕ್ಕೆ ಸಾಮಾನ್ಯವಾಗಿ ಶೇ 18 ಜಿಎಸ್‌ಟಿ. 5 ಲಕ್ಷದ ಕೆಲಸಕ್ಕೆ 90,000 ರೂಪಾಯಿ. ಉಳಿಯುತ್ತದೆ ಅಂದರೆ ಯಾರಿಗಾದರೂ ಆಸೆ ಆಗುತ್ತದೆ. ಆದರೆ ಬಿಲ್ ಇಲ್ಲದ ಕೆಲಸಕ್ಕೆ ನಾಳೆ ಗ್ಯಾರಂಟಿ ಕೇಳಲು ಕಾಗದ ಇರುವುದಿಲ್ಲ, ಕೊಟ್ಟ ರೊಕ್ಕಕ್ಕೂ ಪುರಾವೆ ಸಿಗುವುದು ಕಷ್ಟ.

ಇದರ ಇನ್ನೊಂದು ಮುಖವೂ ಇದೆ. ವರ್ಷದ ವಹಿವಾಟು 20 ಲಕ್ಷ ರೂಪಾಯಿ ದಾಟದ ಸಣ್ಣ ಗುತ್ತಿಗೆದಾರರಿಗೆ ಜಿಎಸ್‌ಟಿ ನೋಂದಣಿ ಸಾಮಾನ್ಯವಾಗಿ ಕಡ್ಡಾಯ ಅಲ್ಲ. ಹಾಗಾಗಿ ನಂಬರ್ ಇಲ್ಲದ ಊರಿನ ಬಡಿಗೇರರನ್ನು ಅನುಮಾನದಿಂದ ನೋಡಬೇಕಿಲ್ಲ. ಅವರು ಸಹಿ ಮಾಡಿದ ರಸೀದಿ ಕೊಟ್ಟರೆ ಸಾಕು. ಆದರೆ ನಂಬರ್ ಇಲ್ಲದವರು ಜಿಎಸ್‌ಟಿ ಹೆಸರಲ್ಲಿ ರೊಕ್ಕ ವಸೂಲಿ ಮಾಡುವಂತಿಲ್ಲ. ನಂಬರ್ ಕೊಟ್ಟರೆ ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿ ನೋಡಬಹುದು. ಒಟ್ಟು 15 ಅಂಕಿ-ಅಕ್ಷರ, ಕರ್ನಾಟಕದ್ದಾದರೆ 29ರಿಂದ ಶುರು. ವ್ಯಾಪಾರದ ಹೆಸರು, ನೋಂದಣಿ ಚಾಲ್ತಿ ಇದೆಯೋ ರದ್ದಾಗಿದೆಯೋ ಎಲ್ಲ ಕಾಣುತ್ತದೆ.

ಗೋಡೆ, ಮಾಳಿಗೆ, ವೈರಿಂಗ್ ಮುಟ್ಟುವಾಗ

"ಈ ಗೋಡಿ ತಗದ್ರ ಹಾಲ್ ದೊಡ್ಡದಾಗತೈತಿ" ಅಂತ ಡಿಸೈನರ್ ಹೇಳಿದರೆ, ಆ ಗೋಡೆ ಮೇಲೆ ಭಾರ ಇದೆಯಾ ಅಂತ ಸಿವಿಲ್ ಎಂಜಿನಿಯರ್ ಒಬ್ಬರು ನೋಡಬೇಕು. ನಮ್ಮ ಭಾಗದ ಹಳೆಯ ಮಣ್ಣಿನ ಗೋಡೆಯ ಮಾಳಿಗೆ ಮನೆಗಳಲ್ಲಿ ಇದು ಇನ್ನೂ ಸೂಕ್ಷ್ಮ. ಅಲ್ಲಿ ಗೋಡೆಯೇ ತೊಲೆ ಹೊತ್ತಿರುತ್ತದೆ. ಕಾಂಕ್ರೀಟ್ ಮನೆಯಲ್ಲೂ ಬೀಮ್, ಕಾಲಂ ಕೊರೆದು ಪೈಪ್ ಕೂರಿಸಲು ಹೊರಟವರನ್ನು ತಕ್ಷಣ ನಿಲ್ಲಿಸಬೇಕು.

ಸೋರುವ ಛಾವಣಿಗೆ, ತೇವದ ಗೋಡೆಗೆ ಮೇಲಿಂದ ಪಿವಿಸಿ ಶೀಟ್ ಅಥವಾ ಫಾಲ್ಸ್ ಸೀಲಿಂಗ್ ಹಾಕಿ ಮುಚ್ಚಿಸುವ ಸಲಹೆ ಬಂದರೆ ಒಪ್ಪಬಾರದು. ಸೋರಿಕೆ ನಿಲ್ಲುವುದಿಲ್ಲ, ಕಾಣುವುದು ಮಾತ್ರ ನಿಲ್ಲುತ್ತದೆ. ಒಳಗೆ ಕಬ್ಬಿಣ ತುಕ್ಕು ಹಿಡಿಯುತ್ತದೆ, ಕಟ್ಟಿಗೆಗೆ ಗೆದ್ದಲು ಹತ್ತುತ್ತದೆ. ಮೊದಲು ಸೋರಿಕೆ ಸರಿಪಡಿಸಿ, ಒಂದು ಮಳೆ ನೋಡಿ, ಆಮೇಲೆ ಒಳಗಿನ ಕೆಲಸ.

ಅಂಗಡಿಗಳಲ್ಲಿ ವೈರಿಂಗ್ ಜೀವದ ಪ್ರಶ್ನೆ. ಬಟ್ಟೆ ಅಂಗಡಿಯಲ್ಲಿ ಸಾಲುಸಾಲು ಲೈಟು, ಎಸಿ ಹಾಕಿ, ಫಾಲ್ಸ್ ಸೀಲಿಂಗ್ ಮೇಲೆ ಬರಿ ಟೇಪ್ ಸುತ್ತಿ ಜೋಡಿಸಿದ ವೈರ್ ಬಿಟ್ಟರೆ ಕಿಡಿ ಹತ್ತಿದ್ದು ಕಾಣುವ ಹೊತ್ತಿಗೆ ತಡವಾಗಿರುತ್ತದೆ. ವೈರ್ ಪೈಪಿನೊಳಗೇ ಇರಬೇಕು, ಐಎಸ್‌ಐ ಗುರುತಿನದ್ದಾಗಿರಬೇಕು, ಲೈಸೆನ್ಸ್ ಇರುವ ಎಲೆಕ್ಟ್ರಿಕಲ್ ಗುತ್ತಿಗೆದಾರರೇ ಮಾಡಬೇಕು. ಲೋಡ್ ಹೆಚ್ಚಾಗುವುದಾದರೆ ಹೆಸ್ಕಾಂನಲ್ಲಿ ಮಂಜೂರಾದ ಲೋಡ್ ಹೆಚ್ಚಿಸಿಕೊಳ್ಳಬೇಕು. "ಮೀಟರ್ ಹಂಗ ಇರ್ಲಿ, ಏನೂ ಆಗಂಗಿಲ್ಲ" ಅನ್ನುವ ಡಿಸೈನರ್‌ಗೆ ಅಂಗಡಿ ಒಪ್ಪಿಸಬಾರದು.

ಅಂಗಡಿಕಾರರಿಗೆ ಬೇರೆ ಲೆಕ್ಕ

ಮನೆ ಕೆಲಸ ಒಂದು ತಿಂಗಳು ತಡವಾದರೆ ತೊಂದರೆ. ಅಂಗಡಿ ಕೆಲಸ ತಡವಾದರೆ ನಷ್ಟ. ಬಾಡಿಗೆ ಓಡುತ್ತಿರುತ್ತದೆ, ಸಾಲದ ಬಡ್ಡಿ ಓಡುತ್ತಿರುತ್ತದೆ, ದೀಪಾವಳಿ ಅಥವಾ ಯುಗಾದಿ ನಂತರದ ಮದುವೆ ಸೀಸನ್ ಕಾಯುವುದಿಲ್ಲ. ಹಾಗಾಗಿ ಅಂಗಡಿ ಕರಾರಿನಲ್ಲಿ ಎರಡು ಸಾಲು ಹೆಚ್ಚು ಇರಬೇಕು: ಯಾವ ದಿನಾಂಕಕ್ಕೆ ಬೀಗದ ಕೈ ವಾಪಸ್, ತಡವಾದರೆ ವಾರಕ್ಕೆ ಎಷ್ಟು ಕಡಿತ. ಆ ಕಡಿತಕ್ಕೆ ಒಪ್ಪದವರು ಹೇಳಿದ ದಿನಾಂಕವನ್ನು ತಾವೇ ನಂಬಿಲ್ಲ ಅಂತ ಅರ್ಥ. ಬಾಡಿಗೆ ಅಂಗಡಿಯಾದರೆ ಕೊರೆಯುವುದಕ್ಕೆ, ಒಡೆಯುವುದಕ್ಕೆ ಮಾಲೀಕರ ಬರಹದ ಒಪ್ಪಿಗೆ ಮೊದಲೇ ಇರಲಿ.

ಕೆಲಸ ಶುರುವಾದ ಮೇಲಿನ ಲಕ್ಷಣಗಳು

ಕೆಲಸಗಾರರು ಎರಡು ದಿನ ಬಂದು ನಾಲ್ಕು ದಿನ ಕಾಣೆಯಾಗುವುದು. ಡಿಸೈನರ್ ಸ್ವತಃ ಬರದೆ ಎಲ್ಲವನ್ನೂ ಫೋನ್‌ನಲ್ಲೇ ಹೇಳುವುದು. ಪ್ರತಿ ವಾರ ಹೊಸ ಕಾರಣ. ಮುಂದಿನ ಕಂತನ್ನು ಹಿಂದಿನ ಹಂತ ಮುಗಿಯುವ ಮೊದಲೇ ಕೇಳುವುದು. ಎಲ್ಲಕ್ಕಿಂತ ಸ್ಪಷ್ಟ ಲಕ್ಷಣ, ಕಾರ್ಪೆಂಟರ್ ಮನೆಯವರ ಹತ್ತಿರ ಬಂದು, "ಅಣ್ಣಾರ, ನಮಗ ಇನ್ನೂ ಪಗಾರ ಮುಟ್ಟಿಲ್ರೀ" ಅನ್ನುವುದು. ಅಂದರೆ ಮನೆಯವರ ರೊಕ್ಕ ಬೇರೆ ಎಲ್ಲೋ ಹೋಗಿದೆ. ಆಗ ಕಾರ್ಪೆಂಟರ್‌ಗೆ ನೇರ ರೊಕ್ಕ ಕೊಡುವ ಮುಂಚೆ, ಅದು ಡಿಸೈನರ್ ಬಾಕಿಯಲ್ಲಿ ಕಡಿತ ಆಗುತ್ತದೆ ಅಂತ ವಾಟ್ಸ್‌ಆ್ಯಪ್‌ನಲ್ಲಾದರೂ ಒಪ್ಪಿಗೆ ಪಡೆಯಬೇಕು. ಇಲ್ಲಾಂದ್ರೆ ಒಂದೇ ಕೆಲಸಕ್ಕೆ ಎರಡು ಸಲ ಕೊಟ್ಟಂತೆ.

ತಡವಾದದ್ದೆಲ್ಲ ಮೋಸ ಅಲ್ಲ ಅನ್ನುವುದೂ ನಿಜ. ಮನೆಯವರು ಮೂರು ಸಲ ಬಣ್ಣ ಬದಲಿಸಿದರೆ, ನೆಂಟರ ಮಾತು ಕೇಳಿ ನಡುವೆ ಡಿಸೈನ್ ತಿರುಗಿಸಿದರೆ, ಕಂತು ತಡ ಮಾಡಿದರೆ ಡಿಸೈನರ್ ಕೈಯಲ್ಲೂ ಏನೂ ಇರುವುದಿಲ್ಲ. ಬದಲಾವಣೆ ಕೇಳಿದಾಗ ಎಷ್ಟು ರೊಕ್ಕ ಹೆಚ್ಚು, ಎಷ್ಟು ದಿನ ಹೆಚ್ಚು ಅಂತ ಆಗಲೇ ಬರೆದುಕೊಂಡರೆ ಇಬ್ಬರಿಗೂ ಒಳ್ಳೆಯದು.

ಕರಾರಿನಲ್ಲಿ ಇರಲೇಬೇಕಾದದ್ದು

ಇ-ಸ್ಟಾಂಪ್ ಕಾಗದದ ಮೇಲೆ ಕನ್ನಡದಲ್ಲೇ ಬರೆಸಬಹುದು. ಓದಲು ಬಾರದ ಇಂಗ್ಲಿಷ್ ಕರಾರಿಗೆ ಸಹಿ ಹಾಕುವುದಕ್ಕಿಂತ ಇದು ಮೇಲು.

- ಎರಡೂ ಕಡೆಯವರ ಪೂರ್ತಿ ಹೆಸರು, ವಿಳಾಸ, ಫೋನ್
- ಪ್ರತಿ ವಸ್ತುವಿನ ಅಳತೆ, ಅಳತೆ ಪದ್ಧತಿ, ಒಟ್ಟು ಮೊತ್ತ
- ಪ್ಲೈವುಡ್ ಕಂಪನಿ, ದರ್ಜೆ, ದಪ್ಪ, ಲ್ಯಾಮಿನೇಟ್ ನಂಬರ್, ಫಿಟಿಂಗ್ ಕಂಪನಿ
- ಏನು ಸೇರಿಲ್ಲ ಅನ್ನುವ ಪಟ್ಟಿ: ಪೇಂಟ್, ವೈರಿಂಗ್, ಗ್ರಾನೈಟ್, ಸಾಗಾಟ, ಕಸ ಎತ್ತುವುದು
- ಶುರು ಮತ್ತು ಮುಗಿಸುವ ದಿನಾಂಕ, ತಡವಾದರೆ ಕಡಿತ
- ಕಂತುಗಳು ಮತ್ತು ಯಾವ ಹಂತಕ್ಕೆ ಯಾವ ಕಂತು
- ಕೆಲಸಗಾರರ ಪಗಾರ ಮತ್ತು ಸುರಕ್ಷತೆ ಯಾರ ಹೊಣೆ
- ಗ್ಯಾರಂಟಿ ಎಷ್ಟು ವರ್ಷ, ಯಾವುದಕ್ಕೆ ಇಲ್ಲ
- ನಡುವೆ ಕೈಬಿಟ್ಟರೆ ಲೆಕ್ಕ ಹೇಗೆ

"ನಮ್ಮ ನಿಮ್ಮ ನಡುವ ಕಾಗದ ಯಾಕ್ರೀ ಅಣ್ಣಾರ" ಅನ್ನುವ ಮಾತಿಗೆ ಕರಗಬಾರದು. ಪರಿಚಯದವರ ಜೊತೆಗೂ ಕಾಗದ ಇರಲಿ, ಸಂಬಂಧ ಉಳಿಯುತ್ತದೆ.

ಕೈ ಕೊಟ್ಟರೆ ಎಲ್ಲಿಗೆ ಹೋಗಬೇಕು?

ಮೊದಲು ಮಾಡಬಾರದ್ದು ಒಂದಿದೆ: ಸಿಟ್ಟಿನಲ್ಲಿ ಬೇರೆ ಬಡಿಗೇರರನ್ನು ಕರೆಸಿ ಕೆಟ್ಟ ಕೆಲಸ ಕಿತ್ತು ಹಾಕಿಸುವುದು. ಕಿತ್ತ ಮೇಲೆ ಸಾಕ್ಷಿ ಉಳಿಯುವುದಿಲ್ಲ. ದಿನಾಂಕ ಇರುವ ಫೋಟೊ, ವಿಡಿಯೊ ತೆಗೆದು, ಸಾಧ್ಯವಾದರೆ ಸಂಬಂಧ ಇಲ್ಲದ ಎಂಜಿನಿಯರ್ ಒಬ್ಬರಿಂದ ವರದಿ ಬರೆಸಬೇಕು. ಬಳಿಕ 15 ದಿನ ಗಡುವು ಕೊಟ್ಟು ಸ್ಪೀಡ್ ಪೋಸ್ಟ್‌ನಲ್ಲಿ ನೋಟಿಸ್ ಕಳಿಸಬಹುದು. ಎಷ್ಟೋ ಪ್ರಕರಣ ನೋಟಿಸ್ ಹಂತದಲ್ಲೇ ದಾರಿಗೆ ಬರುತ್ತವೆ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು. ಅಲ್ಲಿ ಬಗೆಹರಿಯದಿದ್ದರೆ ಹಾವೇರಿಯ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ. ಮನೆ ಕಟ್ಟಿಕೊಡುವ ಕೆಲಸವೂ ಗ್ರಾಹಕ ಕಾನೂನಿನಡಿ 'ಸೇವೆ' ಅಂತ ಸುಪ್ರೀಂ ಕೋರ್ಟ್ 1993ರಲ್ಲೇ ಲಖನೌ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ಹೇಳಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಮತ್ತು ಅದರ ನಿಯಮಗಳಲ್ಲಿ ತಿಳಿದಿರಬೇಕಾದ ಅಂಶಗಳು:

- ಕೊಟ್ಟ ಮೊತ್ತ 50 ಲಕ್ಷ ರೂಪಾಯಿವರೆಗೆ ಇದ್ದರೆ ಜಿಲ್ಲಾ ಆಯೋಗದಲ್ಲೇ ದೂರು. 5 ಲಕ್ಷದವರೆಗೆ ಶುಲ್ಕ ಇಲ್ಲ.
- ದೂರುದಾರರು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕಂಪನಿ ಬೆಂಗಳೂರಿನದ್ದಾದರೂ ಹಾವೇರಿಯಲ್ಲಿ ದೂರು ನಡೆಯುತ್ತದೆ.
- ತಕರಾರು ಹುಟ್ಟಿದ ದಿನದಿಂದ 2 ವರ್ಷದೊಳಗೆ ದೂರು ಕೊಡಬೇಕು. "ಮಾಡಿಕೊಡ್ತೀನಿ" ಅನ್ನುವ ಮಾತು ನಂಬಿ ಈ ಅವಧಿ ಕಳೆದುಕೊಳ್ಳಬಾರದು.
- ಕರಾರಿನಲ್ಲಿ 'ತಕರಾರು ಮಧ್ಯಸ್ಥಿಕೆದಾರರ ಮುಂದೆ ಮಾತ್ರ' ಅಂತ ಇದ್ದರೂ ಗ್ರಾಹಕ ಆಯೋಗದ ಬಾಗಿಲು ಮುಚ್ಚುವುದಿಲ್ಲ. ಎಮಾರ್ ಎಂಜಿಎಫ್ ಪ್ರಕರಣದಲ್ಲಿ 2018ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಚಿತಪಡಿಸಿದೆ.
- ವಕೀಲರು ಇಲ್ಲದೆಯೂ ದೂರು ಕೊಡಬಹುದು. ಇ-ಜಾಗೃತಿ ಪೋರ್ಟಲ್‌ನಲ್ಲಿ ಆನ್‌ಲೈನ್ ಸೌಲಭ್ಯ ಇದೆ.

ಅಂಗಡಿಕಾರರು ಒಂದು ಅಂಶ ಗಮನಿಸಬೇಕು. ವಾಣಿಜ್ಯ ಉದ್ದೇಶಕ್ಕೆ ಪಡೆದ ಸೇವೆ ಈ ಕಾನೂನಿಗೆ ಬರುವುದಿಲ್ಲ. ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ನಡೆಸುವ ಉದ್ಯೋಗಕ್ಕೆ ವಿನಾಯಿತಿ ಇದೆ. ಟ್ಯಾಕ್ಸಿ ಕೊಂಡು ತಾನೇ ಓಡಿಸುವವನು ಗ್ರಾಹಕನೇ ಅಂತ 1995ರ ಲಕ್ಷ್ಮಿ ಎಂಜಿನಿಯರಿಂಗ್ ವರ್ಕ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ವಿವರಿಸಿದೆ. ಗಂಡ ಹೆಂಡತಿ ಕೂತು ನಡೆಸುವ ಸಣ್ಣ ಅಂಗಡಿಯವರು ಈ ಆಧಾರದ ಮೇಲೆ ವಾದಿಸಬಹುದು, ದೂರಿನಲ್ಲಿ ಅದನ್ನು ಸ್ಪಷ್ಟವಾಗಿ ಬರೆಯಬೇಕು. ದೊಡ್ಡ ಶೋರೂಮ್‌ನವರಿಗೆ ಸಿವಿಲ್ ಕೋರ್ಟೇ ದಾರಿ. ಅಂಥವರಿಗೆ ಕರಾರು ಪತ್ರ ಇನ್ನೂ ಮುಖ್ಯ.

ಕೆಲಸ ತಡವಾದದ್ದು, ಕಳಪೆಯಾದದ್ದು ಸಾಮಾನ್ಯವಾಗಿ ಪೊಲೀಸ್ ಪ್ರಕರಣ ಆಗುವುದಿಲ್ಲ. ಸುಳ್ಳು ಹೆಸರು, ಸುಳ್ಳು ವಿಳಾಸ ಕೊಟ್ಟು ಮುಂಗಡ ತೆಗೆದುಕೊಂಡು ಪರಾರಿಯಾದರೆ ಅದು ವಂಚನೆ. ಆಗ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಂ ಅಡಿ ಠಾಣೆಯಲ್ಲಿ ದೂರು ಕೊಡಬಹುದು. ಆನ್‌ಲೈನ್ ಜಾಹೀರಾತು ನಂಬಿ ರೊಕ್ಕ ಹಾಕಿ ಮೋಸ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಬೇಗ ತಿಳಿಸಿದಷ್ಟೂ ಖಾತೆಯಲ್ಲಿ ರೊಕ್ಕ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ವಕೀಲರ ಫೀ ಭಾರವಾದರೆ ಕಾನೂನು ಸೇವಾ ಪ್ರಾಧಿಕಾರದ 15100ಕ್ಕೆ ಕರೆ ಮಾಡಬಹುದು. ತಾಲೂಕು ನ್ಯಾಯಾಲಯದ ಕಾನೂನು ಸೇವಾ ಸಮಿತಿಯಲ್ಲೂ ವಿಚಾರಿಸಬಹುದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ.

ಕರಾರು, ರಸೀದಿ, ಪ್ಲೈವುಡ್ ಗುರುತಿನ ಫೋಟೊ, ವಾಟ್ಸ್‌ಆ್ಯಪ್ ಮಾತುಕತೆ ಇವನ್ನು ಕೆಲಸ ಮುಗಿದ ಮೇಲೂ ಗ್ಯಾರಂಟಿ ಅವಧಿ ತನಕ ಅಳಿಸದೆ ಇಟ್ಟುಕೊಳ್ಳಿ. ಈಗಾಗಲೇ ಕೆಲಸ ನಡೆಯುತ್ತಿರುವವರು ಇವತ್ತೇ ಒಂದು ಕಾಗದ ತೆಗೆದು ಒಂದು ಕಡೆ ಕೊಟ್ಟ ರೊಕ್ಕ, ಇನ್ನೊಂದು ಕಡೆ ಆಗಿರುವ ಕೆಲಸ ಬರೆದು ನೋಡಬಹುದು. ರೊಕ್ಕದ ಕಡೆ ಬಹಳ ಮುಂದೆ ಹೋಗಿದ್ದರೆ ಮುಂದಿನ ಕಂತು ತಡೆದು, ಮೊದಲು ಡಿಸೈನರ್ ಜೊತೆ ಕೂತು ಲೆಕ್ಕ ಮಾಡಿಕೊಳ್ಳುವುದು ಒಳ್ಳೆಯದು.